ಮನೆಯನ್ನು ಕಾರಿಗೆ ಕಟ್ಟಿ ನೋಡು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿಟ್ಟು ಹೋದರು. ಅವರ ಕಾಲದಲ್ಲಿ ಮನೆಯೆಂಬುದು ಕಟ್ಟಿದ ಕಡೆಯೇ ನಿಲ್ಲುವ ವಸ್ತುವಾಗಿತ್ತು. ಕಟ್ಟಿದ ಮನೆಯನ್ನು ಮತ್ತೆ ಕಾರಿನ ಬೆನ್ನಿಗೆ ಕಟ್ಟಿ ಮೂರು ಸಾವಿರ ಕಿಲೋಮೀಟರು ಎಳೆದುಕೊಂಡು ಹೋಗಿ ನೋಡುವ ಕಾಲವೂ ಬಂದೀತೆಂದು ಪಾಪ, ಅವರು ಎಣಿಸಿರಲಿಲ್ಲ. ಆ ಕಾಲ ಬಂದಿದೆ. 2019ರ ಜೂನ್ ತಿಂಗಳ ರಜೆಯಲ್ಲಿ ಕೆನಡಾ ದೇಶದ ಎಡ್ಮಂಟನ್ ನಗರದಲ್ಲಿರುವ ನನ್ನ ಅಕ್ಕ ಭಾವಂದಿರ ಬಳಿಗೆ ಹೋಗಿದ್ದ ನಾನು, ಅಂಥದೊಂದು ಮನೆಯ ಸಹವಾಸದಲ್ಲಿ ಉತ್ತರ ಧ್ರುವದ ದಿಕ್ಕಿಗೆ ಹೋಗಿ ಬಂದೆ. ಆದುದರಿಂದ ಈ ವಿಷಯದಲ್ಲಿ ನನಗೊಂದು ಅಭಿಪ್ರಾಯ ಹುಟ್ಟಿಕೊಂಡಿದೆ. ಅಭಿಪ್ರಾಯವೆನ್ನುವುದಕ್ಕಿಂತ ಜಗಳವೆನ್ನುವುದೇ ಸರಿ. ಪ್ರಯಾಣ ಮುಗಿಸಿ ಹಿಂತಿರುಗುವಾಗ ಭಾವನವರು ಅಲ್ಲಿನ ಅಧಿಕಾರಿಗಳಿಗೆ ಒಂದು ಮನವಿಪತ್ರ ಬರೆದು, ಆ ರಸ್ತೆಗೆ ಡಾಂಬರು ಹಾಕಿಸಬೇಕೆಂದು ಒತ್ತಾಯಿಸಿ, ಪ್ರಯಾಣಿಕನಾದ ನನ್ನ ಸಹಿಯನ್ನೂ ಕೇಳಿದರು. ನಾನು ಹಾಕಲಿಲ್ಲ. ಅನ್ನ ಹಾಕಿದ ಭಾವನ ಕಾಗದಕ್ಕೆ ಸಹಿ ಹಾಕದವನೆಂಬ ಅಪಖ್ಯಾತಿ ನಮ್ಮ ಮನೆತನದಲ್ಲಿ ನನಗೆ ಅಂದಿನಿಂದ ಅಂಟಿಕೊಂಡಿದೆ. ಏಕೆ ಹಾಕಲಿಲ್ಲವೆಂಬುದನ್ನು ಇಲ್ಲಿ ಹೇಳಿಕೊಳ್ಳುತ್ತೇನೆ. ವಾಚಕರು ನ್ಯಾಯ ಹೇಳಲಿ.

ಮೊದಲು ಈ ಗಾಲಿಮನೆಯ ಪರಿಚಯ. ಅಲ್ಲಿನವರು ಇದನ್ನು ಟ್ರೇಲರ್ ಎನ್ನುತ್ತಾರೆ. ಇದಕ್ಕೆ ಸ್ವಂತ ಎಂಜಿನ್ ಇಲ್ಲ. ಕಾರು ಎಳೆದರೆ ಬರುತ್ತದೆ, ಬಿಟ್ಟರೆ ನಿಲ್ಲುತ್ತದೆ. ಭಾವನವರದು 22 ಅಡಿ ಉದ್ದದ್ದು. ಒಳಗೆ ಮಂಚ, ಒಲೆ, ಫ್ರಿಜ್ಜು, ನೀರಿನ ತೊಟ್ಟಿ, ಬಚ್ಚಲು ಎಲ್ಲವೂ ಉಂಟು. ತಗಡು, ಪ್ಲೈವುಡ್ಡು, ಸಣ್ಣ ಸಣ್ಣ ತಿರುಪುಗಳಿಂದ ಹಗುರಾಗಿ ಕಟ್ಟಿದ ಇಂಥ ಮನೆ ನಯವಾದ ಹೆದ್ದಾರಿಯಲ್ಲಿ ಹಂಸದಂತೆ ಸಾಗುತ್ತದೆ. ಆದರೆ ದಿನವಿಡೀ ಭೂಕಂಪವಾಗುವ ಊರಿನಲ್ಲಿ ಅಂಥ ಮನೆಯಲ್ಲಿ ಸಂಸಾರ ಹೂಡಿದರೆ ಹೇಗಿದ್ದೀತೆಂದು ಊಹಿಸಿಕೊಳ್ಳಿ. ಉತ್ತರದ ರಸ್ತೆಗಳಲ್ಲಿ ಟ್ರೇಲರಿನ ಪಾಡು ಅದು.

ನಾವು ಹಿಡಿದದ್ದು ಮೊದಲು ಅಲಾಸ್ಕಾ ಹೆದ್ದಾರಿ. ಇತಿಹಾಸ ಪಾಠ ಹೇಳುವವನಾದ ನನಗೆ ಆ ರಸ್ತೆಯ ಮೇಲೆ ಮೊದಲಿನಿಂದಲೂ ಗೌರವ. 1941ರ ಡಿಸೆಂಬರಿನಲ್ಲಿ ಪರ್ಲ್ ಹಾರ್ಬರಿನ ಮೇಲೆ ಜಪಾನಿನ ದಾಳಿಯಾದ ಮೇಲೆ, ಅಲಾಸ್ಕಾವನ್ನು ಉಳಿಸಿಕೊಳ್ಳಲು ಭೂಮಾರ್ಗವೊಂದು ಬೇಕೆಂದು ಅಮೆರಿಕಾ ಅವಸರಪಟ್ಟಿತು. 1942ರ ಮಾರ್ಚಿನಲ್ಲಿ ಆರಂಭವಾದ ಕೆಲಸ ಅದೇ ವರ್ಷದ ನವೆಂಬರಿಗೆ ಮುಗಿದು, ಡಾಸನ್ ಕ್ರೀಕ್ ಎಂಬ ಊರಿನಿಂದ ಅಲಾಸ್ಕಾದವರೆಗೆ ಸುಮಾರು 2,700 ಕಿಲೋಮೀಟರು ಉದ್ದದ ದಾರಿ ಕಾಡು ಜೌಗುಗಳ ನಡುವೆ ತೆರೆಯಿತು. ಕಡಿದವರು ಹತ್ತು ಸಾವಿರಕ್ಕೂ ಹೆಚ್ಚು ಸೈನಿಕರು. ಅವರಲ್ಲಿ ಸುಮಾರು ಮೂರನೆಯ ಒಂದು ಪಾಲು ಕರಿಯ ಜನಾಂಗದವರು. ಬಿಳಿಯರ ಸೇನೆಯಲ್ಲಿ ಬೇರೆಯಾಗಿಯೇ ಇಟ್ಟಿದ್ದ ಅವರ ದಳಗಳ ದುಡಿಮೆಗೆ ಬಹುಕಾಲ ಯಾರೂ ಹೆಸರು ಹೇಳಲಿಲ್ಲವೆಂಬುದನ್ನು ಇಲ್ಲಿ ಸುಮ್ಮನೆ ನೆನೆಯುತ್ತೇನೆ. 1948ರಲ್ಲಿ ಸಾರ್ವಜನಿಕರಿಗೆ ಬಿಟ್ಟ ಆ ರಸ್ತೆಯನ್ನು ಕ್ರಮೇಣ ನೇರ ಮಾಡಿ ಈಗ ಸುಮಾರು 2,200 ಕಿಲೋಮೀಟರಿಗೆ ಇಳಿಸಿದ್ದಾರೆ. ಉದ್ದಕ್ಕೂ ಡಾಂಬರು ಬಂದಿದೆ.

ಡಾಂಬರು ಇದ್ದ ಮೇಲೆ ಭಯವೇನು ಎಂದು ಭಾವನವರು ಅಂದುಕೊಂಡರು. ಅಕ್ಕನೂ ಹಾಗೆಯೇ ಅಂದುಕೊಂಡು ಇಪ್ಪತ್ತೈದು ಕಿಲೋ ಅಕ್ಕಿ, ಉದ್ದು, ಬೇಳೆ, ಮೂರು ಭರಣಿ ಉಪ್ಪಿನಕಾಯಿ, ಎಲ್ಲಕ್ಕೂ ಮಿಗಿಲಾಗಿ ದೋಸೆಹಿಟ್ಟು ರುಬ್ಬುವ ಕಲ್ಲಿನ ಗ್ರೈಂಡರನ್ನು ಟ್ರೇಲರಿನ ಹಿಂಭಾಗದ ಕಪಾಟಿನಲ್ಲಿ ಇಟ್ಟಳು. ಭಾವನವರು ಅದರ ಹಿಂದೆ ಎರಡು ಸೈಕಲು ನೇತುಹಾಕಿದರು. ನೀರಿನ ತೊಟ್ಟಿಯೂ ಹಿಂದೆಯೇ, ತುಂಬಿ ತುಳುಕುತ್ತಿತ್ತು. ಊರು ಬಿಟ್ಟು ಎರಡು ಗಂಟೆಯೊಳಗೆ ಮನೆ ಬಾಲ ಅಲ್ಲಾಡಿಸತೊಡಗಿತು. ಎದುರಿನಿಂದ ಲಾರಿಯೊಂದು ರಭಸವಾಗಿ ಹಾದರೆ ಸಾಕು, ಟ್ರೇಲರು ಎಡಕ್ಕೆ ಬಲಕ್ಕೆ ತೂರಾಡಿ ಕಾರನ್ನೂ ತನ್ನ ಜೊತೆ ಆಡಿಸುತ್ತಿತ್ತು.

ಇದರ ಕಾರಣ ನಮ್ಮ ಹಳ್ಳಿಯ ಗಾಡಿ ಹೊಡೆಯುವ ಯಾವ ಹುಡುಗನಿಗಾದರೂ ಗೊತ್ತು. ಗಾಡಿಗೆ ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ. ಮುಂಭಾರ ಮಿತಿಮೀರಿದರೆ ಎತ್ತು ಕುಸಿಯುತ್ತದೆ. ತಕ್ಕಷ್ಟು ಭಾರ ಮೂಕಿಯ ಮೇಲೆ ನಿಲ್ಲುವಂತೆ ಮೂಟೆ ಹೇರುವುದೇ ಗಾಡಿಯವನ ಜಾಣತನ. ಟ್ರೇಲರಿನ ವಿದ್ಯೆಯೂ ಅದೇ. ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಮೂಕಿಯ ಮೇಲೆ, ಎಂದರೆ ಕಾರಿಗೆ ತಗಲಿಸುವ ಕೊಂಡಿಯ ಮೇಲೆ ಬೀಳಬೇಕೆಂಬುದು ಅಲ್ಲಿನ ನಿಯಮ. ಎಂಜಿನಿಯರಾದ ಭಾವನವರಿಗೆ ಈ ಲೆಕ್ಕ ತಿಳಿಯದೆ ಇರಲಿಲ್ಲ. ಗ್ರೈಂಡರಿನ ಲೆಕ್ಕವನ್ನು ಮಾತ್ರ ಅಕ್ಕನ ಮುಂದೆ ಎತ್ತುವ ಧೈರ್ಯ ಇರಲಿಲ್ಲ. ಕಡೆಗೆ ನಾನೇ ಎತ್ತಿ ಮುಂದಕ್ಕೆ ಇಟ್ಟೆ. ತೂರಾಟ ಅರ್ಧ ಕಡಮೆಯಾಯಿತು.

ವೈಟ್‌ಹಾರ್ಸ್ ಮುಟ್ಟಿದ ಮೇಲೆ, ಕೆನಡಾದ ಅತ್ಯಂತ ಪಶ್ಚಿಮದ ಊರೆಂದು ಹೆಸರಾದ ಬೀವರ್ ಕ್ರೀಕನ್ನು ನೋಡಿಯೇ ಬರೋಣವೆಂದು ಭಾವನವರು ಹಟ ಹಿಡಿದರು. ಕ್ಲುವಾನೆ ಸರೋವರದ ದಂಡೆಯ ಚೆಲುವನ್ನು ವರ್ಣಿಸಲು ನನ್ನಿಂದಾಗದು. ಅದನ್ನು ಕವಿಮಿತ್ರರಿಗೆ ಬಿಟ್ಟಿದ್ದೇನೆ. ಸರೋವರ ದಾಟಿದ ಮೇಲೆ ರಸ್ತೆಯ ಸ್ವಭಾವವೇ ಬದಲಾಯಿತು. ನೋಡಲು ಕಪ್ಪಾದ, ಸಪಾಟಾದ ಡಾಂಬರು ರಸ್ತೆ. ಆದರೆ ಅದರಡಿಯ ನೆಲದಲ್ಲಿ ಎಂದೂ ಕರಗದ ಮಂಜುಗಡ್ಡೆ ಬೆರೆತಿದೆ. ಅದು ಅಲ್ಲಲ್ಲಿ ಕರಗಿ ಕುಸಿಯುತ್ತದೆ, ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿ ಉಬ್ಬುತ್ತದೆ. ಮೇಲಿನ ಡಾಂಬರು ಕಡಲಿನ ತೆರೆಯಂತೆ ಏಳುತ್ತ ಬೀಳುತ್ತ ಹೋಗುತ್ತದೆ. ಕೆಲವು ಕಡೆ ಎಚ್ಚರಿಕೆಗೆಂದು ಪುಟ್ಟ ಬಾವುಟ ನೆಟ್ಟಿರುತ್ತಾರೆ. ಎಲ್ಲ ಕಡೆಯೂ ಇರುವುದಿಲ್ಲ. ಎಂಬತ್ತು ಕಿಲೋಮೀಟರಿನ ವೇಗದಲ್ಲಿ ಅಂಥದೊಂದು ತೆರೆಯ ಮೇಲೆ ಹತ್ತಿ ಇಳಿದೆವು. ನಿಲ್ಲಿಸಿ ಬಾಗಿಲು ತೆರೆದು ನೋಡಿದರೆ ಕಪಾಟುಗಳು ಬಾಯಿಬಿಟ್ಟು ನಿಂತಿವೆ. ಅಕ್ಕಿಯೂ ಉದ್ದೂ ಅಕ್ಕನ ಅನುಮತಿಯಿಲ್ಲದೆ ದೋಸೆಯ ಪ್ರಮಾಣದಲ್ಲಿ ಬೆರೆತು, ಅದರ ಮೇಲೆ ಮಾವಿನಕಾಯಿ ಉಪ್ಪಿನಕಾಯಿಯ ಅಭಿಷೇಕವಾಗಿದೆ. ಇಡೀ ಪ್ರಯಾಣದಲ್ಲಿ ಒಂದೇ ಏಟಿಗೆ ಆದ ಅತಿ ದೊಡ್ಡ ಒಳಹಾನಿ ಆಗಿದ್ದು ಜಲ್ಲಿ ರಸ್ತೆಯಲ್ಲಲ್ಲ, ಡಾಂಬರಿನ ಮೇಲೆ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಹಿಂದಕ್ಕೆ ತಿರುಗಿ, ಡಾಸನ್ ನಗರಕ್ಕೆ ಸುಮಾರು ನಲವತ್ತು ಕಿಲೋಮೀಟರು ಇರುವಾಗಲೇ ಬಲಕ್ಕೆ ಹೊರಳಿದರೆ ಡೆಂಪ್‌ಸ್ಟರ್ ಹೆದ್ದಾರಿ. ಅಲ್ಲಿಂದ ಇನುವಿಕ್ ಪಟ್ಟಣಕ್ಕೆ ಸುಮಾರು 740 ಕಿಲೋಮೀಟರು, ಬಹುತೇಕ ಎಲ್ಲವೂ ಜಲ್ಲಿ. 1959ರಲ್ಲಿ ಆರಂಭವಾದ ಈ ಕೆಲಸ ನಡುವೆ ವರ್ಷಗಟ್ಟಲೆ ನಿಂತು, ರಸ್ತೆ ತೆರೆದದ್ದು 1979ರ ಆಗಸ್ಟಿನಲ್ಲಿ. 369ನೆಯ ಕಿಲೋಮೀಟರಿನ ಈಗಲ್ ಪ್ಲೇನ್ಸ್ ತಲುಪುವವರೆಗೆ ಪೆಟ್ರೋಲು ಇಲ್ಲ, ಅಂಗಡಿಯಿಲ್ಲ, ರಿಪೇರಿಯಿಲ್ಲ. ರಸ್ತೆಯನ್ನೇ ಅಲ್ಲಲ್ಲಿ ಅಗಲಮಾಡಿ, ಆಪತ್ತಿನಲ್ಲಿ ಸಣ್ಣ ವಿಮಾನ ಇಳಿಯಲು ಅನುವು ಮಾಡಿಟ್ಟಿದ್ದಾರೆ. ಇದೊಂದೇ ಸಂಗತಿ ಸಾಕಿತ್ತು, ಬುದ್ಧಿವಂತನಾದವನು ಮನೆಯನ್ನು ಡಾಸನ್ನಿನಲ್ಲಿ ಬಿಟ್ಟು ಹೋಗಲು. ನಾನು ಹಾಗೆಂದೆ. “ಏನಯ್ಯ, ಇಷ್ಟು ದೂರ ಎಳಕೊಂಡು ಬಂದು ಇಲ್ಲಿ ಬಿಡೋದಾ?” ಎಂದರು ಭಾವನವರು. ಎಳೆದುಕೊಂಡು ಬಂದದ್ದನ್ನು ಬಿಡಲಾರದ ಮನಸ್ಸು ಮನುಷ್ಯಮಾತ್ರರಿಗೆಲ್ಲ ಇರುವುದೇ. ಅವರೊಬ್ಬರನ್ನೇ ಅಂದು ಫಲವಿಲ್ಲ.

ಮೊದಲು ಧೂಳು. ಓಡುವ ಮನೆಯ ಹಿಂಭಾಗದಲ್ಲಿ ಗಾಳಿ ಸುಳಿಸುತ್ತಿ ಧೂಳನ್ನು ಸಂದುಸಂದಿನಿಂದ ಒಳಕ್ಕೆ ಎಳೆದುಕೊಳ್ಳುತ್ತದೆ. ಮುಂದಿನ ಮಾಡಿನ ಗವಾಕ್ಷಿಯನ್ನು ಚೂರು ತೆರೆದಿಟ್ಟರೆ ಒಳಗೆ ಗಾಳಿಯ ಒತ್ತಡವೇರಿ ಧೂಳು ನುಗ್ಗುವುದು ಕಡಮೆಯಾಗುತ್ತದೆಂದು ಬಿಡಾರದ ನೆರೆಯವರೊಬ್ಬರು ಹೇಳಿಕೊಟ್ಟರು, ಅದು ನಿಜವಾಗಿತ್ತು. ಆಮೇಲೆ ಮಳೆ. ಧೂಳಡಗಿಸಲು ಆ ರಸ್ತೆಗೆ ಕ್ಯಾಲ್ಸಿಯಂ ಕ್ಲೋರೈಡ್ ಎಂಬ ಉಪ್ಪನ್ನು ಹಾಕುತ್ತಾರೆ. ಮಳೆಯಲ್ಲಿ ಅದರ ಕೆಸರು ಎಣ್ಣೆಯಂತೆ ಜಾರಿ, ಒಣಗಿದಾಗ ಸಿಮೆಂಟಿನಂತೆ ಗಾಡಿಗೆ ಹತ್ತಿಕೊಳ್ಳುತ್ತದೆ. ಟ್ರೇಲರಿನ ದೀಪ, ನಂಬರು, ಬಣ್ಣ ಎಲ್ಲ ಒಂದೇ ಮಣ್ಣಾಯಿತು. ಕಾರಿನ ಹಿಂಚಕ್ರ ಚಿಮ್ಮಿಸಿದ ಕಲ್ಲುಗಳಿಂದ ಮನೆಯ ಮುಂಗೋಡೆಗೆ ಸಿಡುಬು ಎದ್ದಂತಾಯಿತು.

ಎಲ್ಲಕ್ಕಿಂತ ಕಷ್ಟದ್ದು ರಸ್ತೆಯ ಅಡ್ಡ ಏಣುಗಳು. ನಮ್ಮ ಕಚ್ಚಾ ರಸ್ತೆಗಳಲ್ಲೂ ಇದನ್ನು ಕಂಡಿದ್ದೇವೆ. ಬಸ್ಸಿನಲ್ಲಿ ಕುಳಿತವರ ಹಲ್ಲು ಕಟಕಟವೆನ್ನುವುದು ಇದರಿಂದಲೇ. ಇವು ಹೇಗೆ ಹುಟ್ಟುತ್ತವೆಂದು ವಿಜ್ಞಾನಿಗಳು ಮರಳಿನ ಮೇಲೆ ಚಕ್ರ ಓಡಿಸಿ ನೋಡಿದ್ದಾರೆ. ಚಕ್ರದ ವೇಗ ಒಂದು ಮಿತಿ ಮೀರಿತೆಂದರೆ ಸಡಿಲ ನೆಲ ತಾನಾಗಿ ಅಲೆಯಾಗುತ್ತದೆ. ವೇಗ ಆ ಮಿತಿಯೊಳಗಿದ್ದರೆ ಸಪಾಟಾಗಿಯೇ ಉಳಿಯುತ್ತದೆ. ಗ್ರೇಡರ್ ಯಂತ್ರ ಬಂದು ಕೆರೆದು ಸಮ ಮಾಡಿಹೋದ ಹಾದಿ ಕೆಲವೇ ದಿನಗಳಲ್ಲಿ ಮತ್ತೆ ಏಣಾಗುವುದು ನಮ್ಮಂಥವರ ಅವಸರದಿಂದ ಎಂದಾಯಿತು. ರಸ್ತೆಯನ್ನು ಬಯ್ಯುತ್ತ ವೇಗವಾಗಿ ಹೋಗುವವನು, ತನ್ನ ಬಯ್ಗುಳಕ್ಕೆ ಬೇಕಾದ ಕಾರಣವನ್ನು ಹಿಂದೆ ಬರುವವನಿಗೂ ಮಾಡಿಟ್ಟು ಹೋಗುತ್ತಾನೆ.

ಆರ್ಕ್‌ಟಿಕ್ ವೃತ್ತದ ಫಲಕದ ಮುಂದೆ ಫೋಟೋ ತೆಗೆಸಿಕೊಂಡು ಇಪ್ಪತ್ತು ಕಿಲೋಮೀಟರು ಹೋಗಿರಲಿಲ್ಲ. ಹಿಂದೆ ಫಟ್ಟೆಂದು ಸದ್ದಾಯಿತು. ಅದಕ್ಕೆ ಮೊದಲೇ ಚೂಪುಗಲ್ಲು ಹೊಕ್ಕು ಒಂದು ಟೈರು ಹೋಗಿ, ಇದ್ದೊಂದು ಸ್ಟೆಪ್ನಿಯನ್ನು ಹಾಕಿಯಾಗಿತ್ತು. ಈ ಸಲ ಟೈರಲ್ಲ, ಕಮಾನು ಪಟ್ಟಿಯೇ ಮುರಿದಿತ್ತು. ಮನೆ ಒಂದು ಮಗ್ಗುಲಿಗೆ ಒರಗಿ, ಚಕ್ರ ನೆತ್ತಿಯ ತಗಡಿಗೆ ತಾಗಿ ನಿಂತಿತ್ತು. ರಾತ್ರಿ ಹತ್ತು ಗಂಟೆ. ಸೂರ್ಯ ಮಾತ್ರ ನಮ್ಮ ನಾಲ್ಕು ಗಂಟೆಯ ಬಿಸಿಲಿನಂತೆ ನಿರಾಳವಾಗಿ ಹೊಳೆಯುತ್ತಿದ್ದ. ಫೋನಿಗೆ ಸಂಪರ್ಕವಿರಲಿಲ್ಲ. ಸೊಳ್ಳೆಗಳಿಗೆ ಮಾತ್ರ ನಮ್ಮ ಸುದ್ದಿ ಬೇಗ ಮುಟ್ಟಿತು. ಅಕ್ಕ ಕಾರಿನೊಳಗೆ ಕುಳಿತು ದೇವರ ಹೆಸರು ಹೇಳುತ್ತಿದ್ದಳು. ಅವಳ ಮಂಡಿ ನೋವಿನ ಮಾತ್ರೆ ಒರಗಿದ ಮನೆಯೊಳಗೆ ಎಲ್ಲೋ ಸಿಕ್ಕಿಬಿದ್ದಿತ್ತು.

ಮುಕ್ಕಾಲು ಗಂಟೆಯ ಮೇಲೆ ಒಂದು ಹಳೆಯ ಪಿಕಪ್ ಗಾಡಿ ಬಂತು. ಇಳಿದವರು ಫೋರ್ಟ್ ಮ್ಯಾಕ್‌ಫರ್ಸನ್ನಿನ ಗ್ವಿಚಿನ್ ಬುಡಕಟ್ಟಿನ ಮುದುಕರೊಬ್ಬರು, ಜೊತೆಗೆ ಅವರ ಮೊಮ್ಮಗ. ನಮ್ಮನ್ನು ಏನೂ ಕೇಳಲಿಲ್ಲ. ಜಾಕು ಕೊಟ್ಟು ಮನೆ ಎತ್ತಿ, ಮುರಿದ ಪಟ್ಟಿಯ ಜಾಗಕ್ಕೆ ಒಂದು ಮರದ ದಿಮ್ಮಿ ತುರುಕಿ, ಅಚ್ಚನ್ನು ಸರಪಳಿಯಿಂದ ಚಾಸಿಗೆ ಬಿಗಿದು ಕಟ್ಟಿದರು. ದಿಮ್ಮಿಯೂ ಸರಪಳಿಯೂ ಅವರ ಗಾಡಿಯಲ್ಲಿ ಸದಾ ಇರುವ ಸಾಮಾನು. ಕೆಲಸ ಮುಗಿಸಿ ಮನೆಯ ಸುತ್ತ ಒಂದು ಸುತ್ತು ಬಂದು, ಒಳಗೆ ಇಣುಕಿ, ಗ್ರೈಂಡರನ್ನು ನೋಡಿ ಇದೇನೆಂದು ಕೇಳಿದರು. ಹಿಟ್ಟು ರುಬ್ಬುವ ಕಲ್ಲೆಂದು ಭಾವನವರು ವಿವರಿಸಿದರು. “ಈ ದಾರಿಗೆ ಕಲ್ಲನ್ನು ಹೊರಗಿನಿಂದ ತರುವುದು ಬೇಡ, ನಮ್ಮಲ್ಲಿ ಬೇಕಾದಷ್ಟು ಇವೆ” ಎಂದು ಆ ಮುದುಕರು ಇಂಗ್ಲಿಷಿನಲ್ಲಿ ಹೇಳಿ ನಕ್ಕರು. ಹಣ ತೆಗೆದುಕೊಳ್ಳಲಿಲ್ಲ, ಮೊಮ್ಮಗ ಮಾತ್ರ ಅಕ್ಕ ಕೊಟ್ಟ ಚಕ್ಕುಲಿಯ ಡಬ್ಬಿಯನ್ನು ಇಸಿದುಕೊಂಡ. ಗಂಟೆಗೆ ಇಪ್ಪತ್ತು ಕಿಲೋಮೀಟರಿನಂತೆ ತೆವಳಿ ಈಗಲ್ ಪ್ಲೇನ್ಸಿಗೆ ಹಿಂದಿರುಗಿ, ಮನೆಯನ್ನು ಅಲ್ಲಿ ಬಿಟ್ಟೆವು. ಅಲ್ಲಿಂದ ಮುಂದಕ್ಕೆ ಬರಿಯ ಕಾರಿನಲ್ಲಿ ಪೀಲ್ ನದಿ, ಮೆಕೆಂಜಿ ನದಿಗಳನ್ನು ಫೆರ್ರಿಯಲ್ಲಿ ದಾಟಿ ಇನುವಿಕ್ಕಿಗೂ, 2017ರ ನವೆಂಬರಿನಲ್ಲಿ ತೆರೆದ ಹೊಸ ಜಲ್ಲಿ ರಸ್ತೆಯಲ್ಲಿ ಸಮುದ್ರತೀರದ ಟುಕ್ಟೋಯಾಕ್ಟುಕ್ ಎಂಬ ಹಳ್ಳಿಗೂ ಹೋಗಿಬಂದೆವು. ಉತ್ತರ ಸಮುದ್ರದ ನೀರಿನಲ್ಲಿ ಕಾಲಿಟ್ಟೆನೆಂದು ಹೇಳಿಕೊಳ್ಳಲು ನನಗೂ ಹೆಮ್ಮೆಯೇ.

ಡೆಂಪ್‌ಸ್ಟರ್ ಎಂಬ ಹೆಸರಿನ ಕಥೆಯನ್ನು ಇಲ್ಲಿ ಹೇಳಬೇಕು. 1910ರ ಡಿಸೆಂಬರಿನಲ್ಲಿ ಫಿಟ್ಸ್‌ಜೆರಾಲ್ಡ್ ಎಂಬ ಪೊಲೀಸ್ ಅಧಿಕಾರಿಯೂ ಅವನ ಮೂವರು ಸಂಗಡಿಗರೂ ನಾಯಿಬಂಡಿಗಳೊಡನೆ ಫೋರ್ಟ್ ಮ್ಯಾಕ್‌ಫರ್ಸನ್ನಿನಿಂದ ಡಾಸನ್ನಿಗೆ ಹೊರಟರು. ಬೇಗ ತಲುಪಿ ದಾಖಲೆ ಮಾಡುವ ಆಸೆಯಿಂದ ಆಹಾರವನ್ನು ಕಡಮೆ ಹೇರಿದ್ದರು. ದಾರಿ ಬಲ್ಲ ಗ್ವಿಚಿನ್ ಮಾರ್ಗದರ್ಶಿಯನ್ನು ನಡುವೆ ಹಿಂದಕ್ಕೆ ಕಳಿಸಿದರು. ತಿರುಗಬೇಕಾದ ಹಳ್ಳ ತಪ್ಪಿತು. ಹಿಂತಿರುಗುವ ದಾರಿಯಲ್ಲಿ ನಾಯಿಗಳನ್ನೇ ತಿಂದು, ಕಡೆಗೆ ಹೊರಟ ಊರು ಇನ್ನೆರಡು ಮೂರು ದಿನದ ನಡಿಗೆಯಷ್ಟಿದೆ ಎನ್ನುವಲ್ಲಿ ನಾಲ್ವರೂ ಪ್ರಾಣಬಿಟ್ಟರು. 1911ರ ಮಾರ್ಚಿನಲ್ಲಿ ಅವರನ್ನು ಹುಡುಕಿ ಕಂಡುಹಿಡಿದವನು ಡೆಂಪ್‌ಸ್ಟರ್. ಅವನ ಜೊತೆಗಿದ್ದ ಗ್ವಿಚಿನ್ ಮಾರ್ಗದರ್ಶಿಯ ಹೆಸರು ಚಾರ್ಲಿ ಸ್ಟೂಅರ್ಟ್. ಫಿಟ್ಸ್‌ಜೆರಾಲ್ಡ್ ತೀರ ಕಡಮೆ ಹೊತ್ತ, ನಮ್ಮ ಭಾವನವರು ತೀರ ಹೆಚ್ಚು ಹೊತ್ತರು. ಇಬ್ಬರಲ್ಲೂ ಸಮಾನವಾದದ್ದು ಅವಸರ.

ಇನ್ನು ಮನವಿಪತ್ರದ ವಿಚಾರ. ಭಾವನವರ ವಾದವನ್ನು ನಾನು ಹಗುರಾಗಿ ಕಾಣುವುದಿಲ್ಲ. ತೆರಿಗೆ ಕೊಡುವ ಪ್ರಜೆ ನಾನು. 1979ರಲ್ಲಿ ತೆರೆದ ರಸ್ತೆ ಇಷ್ಟು ವರ್ಷವಾದರೂ ಜಲ್ಲಿಯಲ್ಲೇ ಇರುವುದು ಅಲಕ್ಷ್ಯವಲ್ಲದೆ ಮತ್ತೇನು ಎಂಬುದು ಅವರ ಪ್ರಶ್ನೆ. ಈ ‘ಅಲಕ್ಷ್ಯ’ವೆಂಬ ಶಬ್ದದ ಬಗೆಗೇ ನನ್ನ ತಕರಾರು. ಆ ಜಲ್ಲಿ ಸುಮ್ಮನೆ ಸುರಿದದ್ದಲ್ಲ. 1942ರಲ್ಲಿ ಅಲಾಸ್ಕಾ ಹೆದ್ದಾರಿ ಕಡಿದವರು ಹೆಪ್ಪುನೆಲದ ಮೇಲಿನ ಪಾಚಿಯ ಹೊದಿಕೆಯನ್ನು ಬುಲ್ಡೋಜರಿನಿಂದ ಕೆರೆದೆಸೆದರು; ಬಿಸಿಲು ತಾಗಿ ನೆಲ ಕರಗಿ, ಗಾಡಿಗಳು ಅಚ್ಚಿನವರೆಗೆ ಹೂತವು. ಆ ಪಾಠ ಕಲಿತ ಮೇಲೆ ಡೆಂಪ್‌ಸ್ಟರನ್ನು ಬೇರೆ ರೀತಿ ಕಟ್ಟಿದರು. ಪಾಚಿಯನ್ನು ಮುಟ್ಟದೆ, ಅದರ ಮೇಲೆ 1.2ರಿಂದ 2.4 ಮೀಟರು ದಪ್ಪದ ಜಲ್ಲಿಯ ದಿಂಡನ್ನು ಏರಿಸಿದರು. ಅದು ನೆಲಕ್ಕೆ ಹೊದಿಸಿದ ಕಂಬಳಿ; ಕೆಳಗಿನ ಚಳಿಯನ್ನು ಕಾಪಾಡುವ ಕಂಬಳಿ. ಕಪ್ಪು ಡಾಂಬರು ಬೇಸಿಗೆಯ ನಡುರಾತ್ರಿಯ ಬಿಸಿಲನ್ನೂ ಕುಡಿದು ಕೆಳಕ್ಕೆ ಇಳಿಸುತ್ತದೆ. ಜಲ್ಲಿ ಕುಸಿದರೆ ಗ್ರೇಡರ್ ಒಂದು ದಿನದಲ್ಲಿ ತುಂಬೀತು. ಡಾಂಬರು ಕುಸಿದರೆ ಒಡೆದು ತೆಗೆದು ಹೊಸದಾಗಿ ಹಾಕಬೇಕು, ಅಲ್ಲಿಯವರೆಗೆ ಅದು ಬೀವರ್ ಕ್ರೀಕಿನ ಹಾದಿಯಂತೆ ನಯವಾದ ಮುಖ ತೋರಿಸಿ ಏಟು ಕೊಡುತ್ತಿರುತ್ತದೆ. ಜಲ್ಲಿ ರಸ್ತೆ ಹೇಳಿ ಹೊಡೆಯುತ್ತದೆ. ಉಪ್ಪಿನಕಾಯಿಯ ಭರಣಿ ಒಡೆದದ್ದು ಎಲ್ಲಿ ಎಂದು ಭಾವನವರನ್ನು ಕೇಳಿದೆ. ಅವರು ಮಾತು ಬದಲಿಸಿದರು.

ಲ್ಯಾಬ್ರಡಾರ್ ಪ್ರಾಂತದ ಉದ್ದ ಹೆದ್ದಾರಿಗೆ 2022ರಲ್ಲಿ ಡಾಂಬರು ಪೂರ್ಣವಾಯಿತು, ಇಲ್ಲೇಕಾಗದು ಎಂದು ಅವರು ಈಚೆಗೆ ಬರೆದಿದ್ದಾರೆ. ಅಲ್ಲಿನ ನೆಲ ಬೇರೆ. ಡೆಂಪ್‌ಸ್ಟರ್ ಹಾದುಹೋಗುವ ನೆಲದಲ್ಲಿರುವಷ್ಟು ಮಂಜುಗಡ್ಡೆ ಆ ಹೆದ್ದಾರಿಯ ಕೆಳಗಿಲ್ಲ.

ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ. ರಸ್ತೆ ಯಾರದು? ನಾವು ಹತ್ತು ದಿನದ ಅತಿಥಿಗಳು. ಫೋರ್ಟ್ ಮ್ಯಾಕ್‌ಫರ್ಸನ್ನಿನವರಿಗೆ ಅದು ಅಂಗಡಿ, ಆಸ್ಪತ್ರೆ, ಬಂಧುಬಳಗದ ದಾರಿ. ನದಿ ಹೆಪ್ಪುಗಟ್ಟುವ, ಒಡೆಯುವ ವಾರಗಳಲ್ಲಿ ಫೆರ್ರಿಯೂ ಇಲ್ಲದೆ, ಮಂಜಿನ ಸೇತುವೆಯೂ ಇಲ್ಲದೆ ಲಾರಿಗಳು ನಿಂತುಬಿಡುತ್ತವೆ. ಪಾರ್ಕ್ಯುಪೈನ್ ಹಿಂಡು ಎಂದು ಕರೆಯುವ ಕ್ಯಾರಿಬೂ ಜಿಂಕೆಗಳು ಈ ರಸ್ತೆಯನ್ನು ಅಡ್ಡ ದಾಟಿ ಹೋಗುತ್ತವೆ. ಗ್ವಿಚಿನ್ನರ ಊಟವೂ ಬದುಕೂ ಆ ಹಿಂಡನ್ನು ನಂಬಿವೆ. ಅವರಿಗೂ ಒಳ್ಳೆಯ ರಸ್ತೆ ಬೇಡವೆಂದು ನಾನು ಹೇಳಲಾರೆ. ಬೇಕೆಂದು ಹೇಳುವವರೂ ಅಲ್ಲಿ ಇರಬಹುದು. ಅದನ್ನು ಅವರು ಕೇಳಲಿ. ಕೇಳಿದರೆ ನಾನು ಎರಡು ಸಹಿ ಹಾಕುತ್ತೇನೆ. ಆದರೆ ನಮ್ಮ ಕಪಾಟಿನ ತಿರುಪು ಸಡಿಲವಾಯಿತೆಂದು ಅವರ ನೆಲದ ಕಂಬಳಿಯನ್ನು ಬದಲಿಸಿರೆನ್ನುವ ಕಾಗದಕ್ಕೆ ಹೇಗೆ ಸಹಿ ಹಾಕಲಿ?

ಹಾಗಾದರೆ ಟ್ರೇಲರನ್ನು ಉತ್ತರಕ್ಕೆ ಒಯ್ಯಲೇಬಾರದೆ ಎಂದು ಅಕ್ಕ ಕೇಳಿದಳು. ಅವಳ ಮಂಡಿ ನೆಲದ ಮೇಲೆ ಮಲಗಲು ಒಪ್ಪುವುದಿಲ್ಲ. ಗುಡಾರದಲ್ಲಿ ಅವಳು ನಾಲ್ಕು ರಾತ್ರಿ ಪಟ್ಟ ಪಾಡು ನನಗೆ ಗೊತ್ತು. ವಯಸ್ಸಾದವರಿಗೆ ಆ ಮನೆಯೊಂದು ಉಪಕಾರವೇ. ಒಯ್ಯಲಿ. ಆದರೆ ಸಾಮಾನು ಅರ್ಧ, ವೇಗ ಅರ್ಧ. ಸ್ಟೆಪ್ನಿ ಎರಡು ಇರಲಿ, ಕಮಾನು ಪಟ್ಟಿ ಒಂದು ಹೆಚ್ಚಿಗೆ ಇರಲಿ. ಗಂಟೆಗೊಮ್ಮೆ ನಿಂತು ಚಕ್ರದ ಗುಂಭವನ್ನು ಕೈಯಿಂದ ಮುಟ್ಟಿ ಬಿಸಿ ನೋಡಬೇಕು, ನಟ್ಟು ಬೋಲ್ಟು ಬಿಗಿಯಬೇಕು. ಎದುರಿಗೆ ಲಾರಿ ಕಂಡರೆ ಬಲಮಗ್ಗುಲಿಗೆ ಸರಿದು ನಿಧಾನ ಮಾಡಬೇಕು. ಅವನಿಗೆ ಅದು ಹೊಟ್ಟೆಪಾಡು, ನಮಗೆ ಅದು ವಿಹಾರ. ಇಷ್ಟೂ ಆಗದೆಂದರೆ ಮನೆಯನ್ನು ಡಾಸನ್ನಿನಲ್ಲಿ ಬಿಟ್ಟು, ಈಗಲ್ ಪ್ಲೇನ್ಸಿನಲ್ಲೂ ಇನುವಿಕ್ಕಿನಲ್ಲೂ ಕೋಣೆ ಹಿಡಿದು ಹೋಗಿಬರಬಹುದು. ಮುರಿದ ಪಟ್ಟಿಗೆ, ಎರಡು ಟೈರಿಗೆ, ಒಡೆದ ಮುಂಗಾಜಿಗೆ ಭಾವನವರು ತೆತ್ತ ಹಣದಲ್ಲಿ ಎಷ್ಟು ರಾತ್ರಿ ಕೋಣೆ ಸಿಗುತ್ತಿತ್ತೆಂಬ ಲೆಕ್ಕವನ್ನು ನಾನು ಬರೆದು ಕಳಿಸಿದ್ದೇನೆ. ಅದಕ್ಕೆ ಉತ್ತರ ಬಂದಿಲ್ಲ.

ಮನವಿಪತ್ರ ಇನ್ನೂ ಅವರ ಮೇಜಿನಲ್ಲೇ ಇದೆಯಂತೆ. ಮುಂದಿನ ಬೇಸಿಗೆಗೆ ಮತ್ತೆ ಅದೇ ದಾರಿ ಹಿಡಿಯುವ ಯೋಚನೆಯಲ್ಲಿದ್ದಾರೆ. ಟ್ರೇಲರಿನ ಅಡಿಗೆ ದಪ್ಪ ಪಟ್ಟಿ ಹಾಕಿಸಿ, ಒಂದು ಮರದ ದಿಮ್ಮಿಯನ್ನೂ ಸರಪಳಿಯನ್ನೂ ಕೊಂಡಿಟ್ಟಿದ್ದಾರೆಂದು ಅಕ್ಕ ಫೋನಿನಲ್ಲಿ ಹೇಳಿದಳು. ಫೋರ್ಟ್ ಮ್ಯಾಕ್‌ಫರ್ಸನ್ನಿನ ಆ ಹುಡುಗನಿಗೆಂದು ಎರಡು ಡಬ್ಬಿ ಚಕ್ಕುಲಿ ಮಾಡಿಕೊಂಡು ಹೋಗುತ್ತಾಳಂತೆ. ಗ್ರೈಂಡರು ಎಡ್ಮಂಟನ್ನಿನಲ್ಲೇ ಉಳಿಯುವುದೋ ಹೇಗೆ ಎಂದು ಕೇಳಿದೆ. ಅದಿನ್ನೂ ತೀರ್ಮಾನವಾಗಿಲ್ಲವಂತೆ.